ಅಂಡರ್ ಸೀಜ್ (ಚಲನಚಿತ್ರ)

ಅಂಡರ್ ಸೀಜ್ ೧೯೯೨ರ ಅಕ್ಟೋಬರ್‌ನಲ್ಲಿ ತೆರೆಕಂಡ ಅಮೆರಿಕದ ಸಾಹಸಪ್ರಧಾನ ಚಲನಚಿತ್ರ. ಆಂಡ್ರ್ಯೂ ಡೇವಿಸ್ ನಿರ್ದೇಶಿಸಿದ ಈ ಚಿತ್ರದ ಚಿತ್ರಕಥೆಯನ್ನು ಜೆ. ಎಫ್. ಲಾಟನ್ ಬರೆದಿದ್ದಾರೆ. ಐಕಿಡೊ ಸಮರಕಲೆಯಲ್ಲಿ ಪರಿಣತರಾದ ಸ್ಟೀವನ್ ಸೆಗಾಲ್ ನಾಯಕರಾಗಿಯೂ ಟಾಮಿ ಲೀ ಜೋನ್ಸ್ ಮತ್ತು ಗ್ಯಾರಿ ಬ್ಯೂಸಿ ಖಳನಾಯಕರಾಗಿಯೂ ಅಭಿನಯಿಸಿದ್ದಾರೆ. ಸೆಗಾಲ್ ನಾಯಕರಾಗಿರುವ ಚಿತ್ರಗಳಲ್ಲಿ ಅತ್ಯಂತ ಹೆಚ್ಚು ಗಳಿಸಿದ ಚಿತ್ರವಿದು.

ಕಥಾಸಾರ

ಸೇವೆಯಿಂದ ನಿವೃತ್ತಿಯಾಗಲಿರುವ ಯುದ್ಧನೌಕೆ ಮಿಸೌರಿಯಲ್ಲಿ ಕಪ್ತಾನನ ಹುಟ್ಟುಹಬ್ಬದ ಸಮಾರಂಭ ಏರ್ಪಾಡಾಗಿರುತ್ತದೆ. ಗುಪ್ತಚರ ಸಂಸ್ಥೆಯ ಮಾಜಿ ಅಧಿಕಾರಿ ಸ್ಟ್ರಾನಿಕ್ಸ್‌ನ ತಂಡವು ವಾದ್ಯಗಾರರ ಹಾಗೂ ಊಟ ಬಡಿಸುವವರ ವೇಷದಲ್ಲಿ ನೌಕೆಯನ್ನೇರಿ, ಅಧಿಕಾರಿ ಕ್ರಿಲ್‌ನ ಒಳಸಂಚಿನ ನೆರವಿನಿಂದ ಕಪ್ತಾನನನ್ನು ಕೊಂದು, ನಾವಿಕರನ್ನು ಒತ್ತೆಯಿರಿಸಿಕೊಳ್ಳುತ್ತದೆ. ನೌಕೆಯಲ್ಲಿರುವ ಟೊಮಾಹಾಕ್ ಕ್ಷಿಪಣಿಗಳನ್ನು ಅಪಹರಿಸುವುದು ಅವರ ಉದ್ದೇಶ. ಕ್ರಿಲ್‌ನೊಡನೆ ಜಗಳವಾಡಿ ಮಾಂಸದ ಶೀತಕೋಣೆಯಲ್ಲಿ ಬಂಧಿತನಾಗಿದ್ದ ಬಾಣಸಿಗ ಕೇಸಿ ರೈಬ್ಯಾಕ್ ವಾಸ್ತವವಾಗಿ ನೌಕಾದಳದ ವಿಶೇಷ ಪಡೆಯ ಮಾಜಿ ಯೋಧ. ಅವನು ಹೊರಬಂದು ದುಷ್ಕರ್ಮಿಗಳನ್ನು ಎದುರಿಸುತ್ತಾನೆ.

ಚಿತ್ರೀಕರಣ

ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ಶರಣಾಗತಿ ಪತ್ರಕ್ಕೆ ೧೯೪೫ರ ಸೆಪ್ಟೆಂಬರ್ ೨ರಂದು ಸಹಿಯಾದದ್ದು ನಿಜವಾದ ಮಿಸೌರಿ ನೌಕೆಯ ಮೇಲೆ. ಆದರೆ ಚಿತ್ರದ ಬಹುಭಾಗವನ್ನು ಮೊಬೈಲ್ ನಗರದಲ್ಲಿ ವಸ್ತುಸಂಗ್ರಹಾಲಯವಾಗಿರುವ ಅಲಬಾಮಾ ನೌಕೆಯಲ್ಲಿ ಚಿತ್ರೀಕರಿಸಲಾಯಿತು.

ಪ್ರೇಕ್ಷಕರ ಮತ್ತು ವಿಮರ್ಶಕರ ಅಭಿಪ್ರಾಯ

ಸುಮಾರು ೩.೫ ಕೋಟಿ ಡಾಲರ್ ವೆಚ್ಚದ ಚಿತ್ರವು ವಿಶ್ವದಾದ್ಯಂತ ೧೫ ಕೋಟಿ ಡಾಲರ್‌ಗೂ ಮಿಗಿಲಾಗಿ ಗಳಿಸಿತು. ಸೆಗಾಲ್‌ರ ಹಿಂದಿನ ಚಿತ್ರಗಳನ್ನು ಅಷ್ಟಾಗಿ ಮೆಚ್ಚದಿದ್ದ ವಿಮರ್ಶಕರಲ್ಲಿ ಹಲವರು ಇದನ್ನು ಹೊಗಳಿದರು. ಬಿಗಿಯಾದ ನಿರೂಪಣೆ, ಇಕ್ಕಟ್ಟಾದ ನೌಕೆಯೊಳಗಿನ ಹೋರಾಟ ಹಾಗೂ ಜೋನ್ಸ್ ಮತ್ತು ಬ್ಯೂಸಿಯವರ ಲವಲವಿಕೆಯ ಅಭಿನಯ ಈ ಮೆಚ್ಚುಗೆಗೆ ಮುಖ್ಯ ಕಾರಣಗಳು.

ನಾಯಕನ ಬಗೆಗಿನ ಅಭಿಪ್ರಾಯ ಮಾತ್ರ ಇಬ್ಭಾಗವಾಗಿದೆ. ಭಾವವಿಕಾರವಿಲ್ಲದ ಮುಖ ಮತ್ತು ಮೆಲುದನಿಯ ಮಾತು ನಟನೆಯ ಕೊರತೆಯೆಂದು ಕೆಲವರು ಆಕ್ಷೇಪಿಸಿದರೆ, ಅಭಿಮಾನಿಗಳು ಅದನ್ನೇ ರೈಬ್ಯಾಕ್‌ನ ಆತ್ಮವಿಶ್ವಾಸದ ಲಕ್ಷಣವೆಂದು ಮೆಚ್ಚುತ್ತಾರೆ. ನಾಯಕನು ಎಲ್ಲಿಯೂ ಗಂಭೀರ ಅಪಾಯಕ್ಕೆ ಸಿಲುಕಿದಂತೆ ಕಾಣದಿರುವುದು ಕುತೂಹಲವನ್ನು ತಗ್ಗಿಸುತ್ತದೆ ಎಂಬುದು ಮತ್ತೊಂದು ಆಕ್ಷೇಪ. ಖಳರ ಪಾತ್ರಗಳಿಗೆ ದೊರೆತ ವಿಸ್ತಾರವು ಈ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದೆ. ಎರಿಕಾ ಎಲಿನಿಯಾಕ್ ಅವರ ನರ್ತಕಿಯ ಪಾತ್ರವು ಕೇವಲ ಆಕರ್ಷಣೆಗಾಗಿ ಸೇರಿಸಿದಂತಿದೆ ಎಂಬ ಟೀಕೆಯೂ ಇದೆ.

೧೯೮೮ರ 'ಡೈ ಹಾರ್ಡ್' ಚಿತ್ರದೊಂದಿಗಿನ ಹೋಲಿಕೆ ಬಹುತೇಕ ಚರ್ಚೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಅಲ್ಲಿ ಬಹುಮಹಡಿ ಕಟ್ಟಡ, ಇಲ್ಲಿ ನೌಕೆ. ಎರಡರಲ್ಲಿಯೂ ಒತ್ತೆಯಾಳುಗಳನ್ನು ರಕ್ಷಿಸುವವನು ಒಳಗೇ ಉಳಿದುಕೊಂಡ ಒಬ್ಬ ವ್ಯಕ್ತಿ. ಆದರೆ ಅಲ್ಲಿನ ನಾಯಕ ಗಾಯಗೊಂಡು ಬಳಲುತ್ತಾನೆ, ರೈಬ್ಯಾಕ್ ಹಾಗಲ್ಲ.

ಗೌರವ ಮತ್ತು ಮುಂದಿನ ಚಿತ್ರಗಳು

ಧ್ವನಿ ಹಾಗೂ ಧ್ವನಿಪರಿಣಾಮ ಸಂಕಲನ ವಿಭಾಗಗಳಲ್ಲಿ ಚಿತ್ರವು ಅಕಾಡೆಮಿ ಪ್ರಶಸ್ತಿಗೆ ನಾಮನಿರ್ದೇಶನಗೊಂಡಿತು. ಡೇವಿಸ್ ಮತ್ತು ಜೋನ್ಸ್ ಮುಂದಿನ ವರ್ಷ 'ದಿ ಫ್ಯುಜಿಟಿವ್' ಚಿತ್ರದಲ್ಲಿ ಮತ್ತೆ ಜೊತೆಗೂಡಿದರು. ಅದರ ಅಭಿನಯಕ್ಕಾಗಿ ಜೋನ್ಸ್ ಅತ್ಯುತ್ತಮ ಪೋಷಕ ನಟ ಅಕಾಡೆಮಿ ಪ್ರಶಸ್ತಿ ಪಡೆದರು. ೧೯೯೫ರಲ್ಲಿ ಬಂದ 'ಅಂಡರ್ ಸೀಜ್ ೨: ಡಾರ್ಕ್ ಟೆರಿಟರಿ'ಯಲ್ಲಿ ರೈಬ್ಯಾಕ್ ರೈಲಿನ ಪ್ರಯಾಣಿಕರನ್ನು ರಕ್ಷಿಸುತ್ತಾನೆ. ಜೆಫ್ ಮರ್ಫಿ ನಿರ್ದೇಶಿಸಿದ ಈ ಚಿತ್ರದಲ್ಲಿ ಡೇವಿಸ್, ಜೋನ್ಸ್ ಮತ್ತು ಬ್ಯೂಸಿ ಇರಲಿಲ್ಲ. ಮೊದಲನೆಯದಕ್ಕೆ ದೊರೆತಷ್ಟು ಗಳಿಕೆಯಾಗಲಿ ಮೆಚ್ಚುಗೆಯಾಗಲಿ ಇದಕ್ಕೆ ದೊರೆಯಲಿಲ್ಲ.