ಸ್ಮೃತಿ ಮರುಪರೀಕ್ಷೆ

ವಯಸ್ಕರ ನೆನಪಿನ ಶಕ್ತಿಯನ್ನು ತಿಂಗಳುಗಳ ಅಥವಾ ವರ್ಷಗಳ ಅಂತರದಲ್ಲಿ ಅದೇ ಪರೀಕ್ಷೆಯಿಂದ ಮತ್ತೆ ಅಳೆಯುವ ಕ್ರಮ. ತಲೆಗೆ ಪೆಟ್ಟು ಬಿದ್ದವರು, ಅಪಸ್ಮಾರಕ್ಕೆ ಶಸ್ತ್ರಚಿಕಿತ್ಸೆಯಾದವರು, ಮರೆಗುಳಿತನದ ಶಂಕೆಯಿರುವವರು ಇದಕ್ಕೆ ಒಳಗಾಗುತ್ತಾರೆ. ಎರಡು ಸಲದ ಅಂಕಗಳಲ್ಲಿ ಕಂಡ ವ್ಯತ್ಯಾಸ ಮೆದುಳಿನದೋ ಪರೀಕ್ಷೆಯದೋ ಎಂಬುದೇ ತೊಡಕು.

ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಆಂದ್ರೆ ರೇ ರೂಪಿಸಿದ ಶ್ರವಣ ಕಲಿಕಾ ಪರೀಕ್ಷೆಯಲ್ಲಿ 15 ಪದಗಳ ಪಟ್ಟಿಯನ್ನು 5 ಸಲ ಓದಿ ಹೇಳುತ್ತಾರೆ. ಪ್ರತಿ ಸಲವೂ ನೆನಪಾದಷ್ಟನ್ನು ಒಪ್ಪಿಸಬೇಕು. ಬಳಿಕ ಬೇರೊಂದು ಪಟ್ಟಿ. ಸುಮಾರು ಅರ್ಧ ಗಂಟೆ ಕಳೆದ ಮೇಲೆ ಮತ್ತೆ ಮೊದಲ ಪಟ್ಟಿಯದೇ ಪ್ರಶ್ನೆ. ಹೊಸಬರಿಗೆ ಈ ಪ್ರಶ್ನೆ ಅನಿರೀಕ್ಷಿತ. ಎರಡನೆಯ ಸಲ ಬಂದವರು ಅದಕ್ಕೆ ಸಿದ್ಧರಾಗಿಯೇ ಕೂತಿರುತ್ತಾರೆ. ಪದಗಳ ನೆನಪಷ್ಟೇ ಅಲ್ಲ, ಪದಗಳನ್ನು ಗುಂಪು ಮಾಡಿಕೊಳ್ಳುವ ಉಪಾಯ, ಅಳುಕು ಕಡಿಮೆಯಾದದ್ದು ಎಲ್ಲವೂ ಸೇರಿ ಅಂಕ ಏರುತ್ತದೆ. ಇದೇ ಅಭ್ಯಾಸ ಪರಿಣಾಮ. ಬದಲಿ ಪಟ್ಟಿ ಕೊಟ್ಟರೆ ಪದಗಳ ನೆನಪು ತಪ್ಪುತ್ತದೆ, ಉಪಾಯ ಉಳಿಯುತ್ತದೆ. ಏರಿಕೆ ಸಾಮಾನ್ಯವಾಗಿ ಮೊದಲ ಎರಡು ಪರೀಕ್ಷೆಗಳ ನಡುವೆಯೇ ಹೆಚ್ಚು. ಬೆಂಗಳೂರಿನ ನಿಮ್ಹಾನ್ಸ್ 2004ರಲ್ಲಿ ಹೊರತಂದ ಪರೀಕ್ಷಾಮಾಲೆಯಲ್ಲೂ ಇಂಥ ಪದಪಟ್ಟಿಯ ಪರೀಕ್ಷೆಯಿದೆ.

ವಿಶ್ವಾಸಾರ್ಹತೆಯನ್ನು ಎರಡು ಸಲದ ಅಂಕಗಳ ಸಹಸಂಬಂಧದಿಂದ ಅಳೆಯುವುದು ರೂಢಿ. ಆದರೆ ಎಲ್ಲರೂ ಐದೈದು ಅಂಕ ಮೇಲೇರಿದರೂ ಸಹಸಂಬಂಧ ಕದಲುವುದಿಲ್ಲ. ಆ ಸಂಖ್ಯೆಯೊಂದನ್ನೇ ನಂಬಿದರೆ ಮೋಸಹೋದಂತೆ. 1991ರಲ್ಲಿ ಜೇಕಬ್ಸನ್ ಮತ್ತು ಟ್ರುವಾಕ್ಸ್ ಸೂಚಿಸಿದ ವಿಶ್ವಾಸಾರ್ಹ ಬದಲಾವಣೆಯ ಸೂಚ್ಯಂಕ ಇಲ್ಲಿ ನೆರವಿಗೆ ಬರುತ್ತದೆ. ಮಾನಕ ವಿಚಲನೆ 10, ಸಹಸಂಬಂಧ 0.80 ಎಂದಿಟ್ಟುಕೊಂಡರೆ ಸುಮಾರು 12 ಅಂಕದವರೆಗಿನ ಏರಿಳಿತವನ್ನು ಅಳತೆಯ ದೋಷವೆಂದೇ ಬಿಡಬೇಕಾಗುತ್ತದೆ. 8 ಅಂಕ ಕಳೆದುಕೊಂಡವರು ಈ ಲೆಕ್ಕದಲ್ಲಿ ಮೊದಲಿನಂತೆಯೇ ಇದ್ದಾರೆ. 1993ರಲ್ಲಿ ಚೆಲೂನ್ ಮತ್ತು ಸಂಗಡಿಗರು ಅಭ್ಯಾಸದ ಸರಾಸರಿ ಲಾಭವನ್ನೂ ಲೆಕ್ಕಕ್ಕೆ ತಂದರು. ಆ ಲಾಭ 5 ಎಂದಾದರೆ ಇವರು ನಿರೀಕ್ಷೆಗಿಂತ 13 ಅಂಕ ಕೆಳಗಿದ್ದಾರೆ, ಮಿತಿ ದಾಟಿದ್ದಾರೆ.

ಹಾಗಾಗಿ ಅಂಕ ಇದ್ದಲ್ಲೇ ಇದೆ ಎಂಬುದು ನೆಮ್ಮದಿಯ ಸುದ್ದಿಯೇ ಆಗಬೇಕಿಲ್ಲ. ಸೌಮ್ಯ ಅರಿವಿನ ಕುಂದು ಇರುವವರಲ್ಲಿ ಅಭ್ಯಾಸದ ಲಾಭ ಹೆಚ್ಚಾಗಿ ಕಡಿಮೆ. ಬರಬೇಕಾದ ಏರಿಕೆ ಬಾರದಿರುವುದನ್ನೇ ಸಂಶೋಧಕರು ಮುನ್ಸೂಚನೆಯಾಗಿ ಪರಿಶೀಲಿಸುತ್ತಾರೆ. ವಯಸ್ಸಾದಂತೆ ಬುದ್ಧಿಶಕ್ತಿ ಹೇಗೆ ಬದಲಾಗುತ್ತದೆಂದು ನೋಡುವ ದೀರ್ಘಾವಧಿ ಅಧ್ಯಯನಗಳಿಗೂ ಇದೇ ಕಾಟ. 1956ರಲ್ಲಿ ಶಾಯ್ ಆರಂಭಿಸಿದ ಸಿಯಾಟಲ್ ಅಧ್ಯಯನದಲ್ಲಿ 7 ವರ್ಷಕ್ಕೊಮ್ಮೆ ಹಳಬರನ್ನು ಮತ್ತೆ ಪರೀಕ್ಷಿಸುವುದರ ಜೊತೆಗೆ ಹೊಸಬರನ್ನೂ ಸೇರಿಸಿಕೊಳ್ಳಲಾಯಿತು. ಹೀಗೆ ಅದೇ ವಯಸ್ಸಿನ ಹೊಸಬರ ಅಂಕಗಳೊಂದಿಗೆ ಹೋಲಿಸಿ ಅಭ್ಯಾಸದ ಪಾಲನ್ನು ಅಂದಾಜು ಮಾಡಲು ಸಾಧ್ಯವಾಯಿತು.