ಅಭಿಯೋಜಕನ ವಿವೇಚನೆ

ಶ್ರೀರಂಗಪಟ್ಟಣವು 1799ರಲ್ಲಿ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ವಶವಾದ ಕೊಳ್ಳೇಗಾಲವು 1956ರವರೆಗೂ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು; ನೆರೆಯ ಯಳಂದೂರಾದರೋ 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತು ಮೈಸೂರಿನೊಳಗೇ ಉಳಿಯಿತು. ಹೀಗೆ ಎರಡು ಸರ್ಕಾರಗಳ ಕಚೇರಿಗಳನ್ನು ಕಂಡ ಈ ಸೀಮೆಯೇ, ಮೊಕದ್ದಮೆ ಹಿಂತೆಗೆಯುವ ಅಧಿಕಾರದ ಮೇರೆಯನ್ನು ಇಡೀ ದೇಶಕ್ಕೆ ಗೊತ್ತುಪಡಿಸಿದ ಒಂದು ವ್ಯಾಜ್ಯಕ್ಕೆ ಮುಂದೆ ಕಾರಣವಾಯಿತು.

ಈಗ ಪ್ರತ್ಯೇಕ ತಾಲ್ಲೂಕಾಗಿರುವ ಹನೂರಿನ ಕಾಡುಭಾಗದಲ್ಲಿ, 1992ರ ಮೇ ತಿಂಗಳಲ್ಲಿ ರಾಮಾಪುರದ ಠಾಣೆಗೆ ನುಗ್ಗಿ ಪೊಲೀಸರನ್ನು ಕೊಂದ ಕಾಡುಗಳ್ಳ ವೀರಪ್ಪನ್, ಆಗಸ್ಟ್ 14ರಂದು ಮೀಣ್ಯದ ಬಳಿ ಹೊಂಚುಹಾಕಿ ಎಸ್.ಪಿ. ಹರಿಕೃಷ್ಣ, ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ಮೊದಲಾದವರನ್ನು ಬಲಿ ತೆಗೆದುಕೊಂಡನು. ತರುವಾಯ ಬೀಸಿದ, ಭಯೋತ್ಪಾದನೆ ತಡೆಯ ಟಾಡಾ ಕಾಯಿದೆಯ ಬಲೆಯಲ್ಲಿ ಅವನ ತಂಡದವರೊಡನೆ, ಕಾಡಿಗೆ ಅಕ್ಕಿಬೇಳೆ ಸಾಗಿಸಿದರೆಂಬ ಆರೋಪ ಹೊತ್ತ ಹಳ್ಳಿಗರೂ ಸಿಲುಕಿ ಮೈಸೂರಿನ ಸೆರೆಮನೆ ಸೇರಿದರು. 1995ರಲ್ಲಿ ಕಾಯಿದೆ ಲುಪ್ತವಾಯಿತು, ಮೊಕದ್ದಮೆಗಳು ಉಳಿದವು.

2000ದ ಜುಲೈ 30ರಂದು ಗಾಜನೂರಿನಿಂದ ಚಿತ್ರನಟ ಡಾ. ರಾಜಕುಮಾರರನ್ನು ಅಪಹರಿಸಿದ ವೀರಪ್ಪನ್, ಮೈಸೂರಿನಲ್ಲಿದ್ದ 51 ಮಂದಿಯ ಬಿಡುಗಡೆಯನ್ನೂ ಬೇಡಿದನು. ಸರ್ಕಾರ ಕಂಡುಕೊಂಡ ಉಪಾಯ ಸೂಕ್ಷ್ಮವಾದದ್ದು: ವಿಶೇಷ ಅಭಿಯೋಜಕರು ದಂಡಪ್ರಕ್ರಿಯಾ ಸಂಹಿತೆಯ 321ನೆಯ ಕಲಮಿನಡಿ ಟಾಡಾ ಆರೋಪಗಳನ್ನಷ್ಟೇ ಹಿಂತೆಗೆದುಕೊಳ್ಳುವುದು, ಉಳಿದ ಆರೋಪಗಳಲ್ಲಿ ಆಮೇಲೆ ಜಾಮೀನು ದೊರಕುವುದು. ಮೈಸೂರಿನ ನ್ಯಾಯಾಲಯ ಸಮ್ಮತಿಸಿತು. ಆದರೆ ಶಕೀಲರ ತಂದೆ ಅಬ್ದುಲ್ ಕರೀಂ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಹಿಂತೆಗೆತವು ಸಾರ್ವಜನಿಕ ಹಿತಕ್ಕೆ ಒಪ್ಪುವುದೇ ಎಂಬುದನ್ನು ಅಭಿಯೋಜಕನು ಎಲ್ಲ ಸಾಮಗ್ರಿಯನ್ನೂ ನೋಡಿ ತಾನೇ ನಿರ್ಣಯಿಸಬೇಕಾದುದೆಂದು ಸಾರಿದ ಆ ನ್ಯಾಯಾಲಯವು ನವೆಂಬರ್ 7ರಂದು ಸಮ್ಮತಿಯನ್ನು ರದ್ದುಪಡಿಸಿತು. ತೀರ್ಪು ಯುಕ್ತವಾದದ್ದೇ. ಆದರೂ, ಬಡ ಹಳ್ಳಿಗರ ಮೇಲೆ ಟಾಡಾ ಸಲ್ಲುವುದೇ ಎಂಬ ವಿವೇಚನೆಯು ರಾಜಕುಮಾರರು ಮನೆಯಲ್ಲಿ ನೆಮ್ಮದಿಯಾಗಿದ್ದ ಅಷ್ಟು ವರ್ಷಗಳಲ್ಲಿ ಯಾವ ಅಧಿಕಾರಿಗೂ ಏಕೆ ಹೊಳೆಯಲಿಲ್ಲವೋ! 2001ರ ಸೆಪ್ಟೆಂಬರಿನಲ್ಲಿ ಮೈಸೂರಿನ ಟಾಡಾ ನ್ಯಾಯಾಲಯವು ಆರೋಪಿಗಳಲ್ಲಿ ಬಹುಮಂದಿಯನ್ನು ಖುಲಾಸೆ ಮಾಡಿತು.

ವಿವೇಚನೆಯ ಇದೇ ಪ್ರಶ್ನೆಯನ್ನು ಮತ್ತೊಂದು ಶಾಸನವೂ ಎಬ್ಬಿಸಿತು. ಸರ್ವೋಚ್ಚ ನ್ಯಾಯಾಲಯದ ತೀರ್ಪಿಗೆ ಮೂರೇ ವಾರ ಮುನ್ನ, ಅಕ್ಟೋಬರ್ 17ರಂದು, ಮಾಹಿತಿ ತಂತ್ರಜ್ಞಾನ ಕಾಯಿದೆ ಜಾರಿಗೆ ಬಂದಿತ್ತು. ಕಂಪ್ಯೂಟರ್ ಅಪರಾಧಗಳ ಆ ಶಾಸನಕ್ಕೆ 2008ರ ತಿದ್ದುಪಡಿಯು ಸೇರಿಸಿದ 66ಎ ಕಲಮು, ಕಿರಿಕಿರಿ ಉಂಟುಮಾಡುವ ಸಂದೇಶವನ್ನೂ ಅಪರಾಧವೆಂದುದರಿಂದ, 2015ರ ಮಾರ್ಚ್ 24ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ಅಸಿಂಧುಗೊಳಿಸುವ ತನಕ, ಯಾರನ್ನು ಹಿಡಿಯುವುದು, ಯಾರನ್ನು ಬಿಡುವುದು ಎಂಬುದು ಬಹುಮಟ್ಟಿಗೆ ಅಧಿಕಾರಸ್ಥರ ಮರ್ಜಿಯೇ ಆಗಿದ್ದಿತು. ಹಿಂತೆಗೆತದ ಮಾತಿಗೆ ಮರಳಿದರೆ, 2024ರ ಜುಲೈ 1ರಿಂದ 321ನೆಯ ಕಲಮಿನ ಸ್ಥಾನಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 360ನೆಯದು ಬಂದಿದೆ. ಹಿಂತೆಗೆತಕ್ಕೆ ಸಮ್ಮತಿಸುವ ಮುನ್ನ ಸಂತ್ರಸ್ತರಿಗೆ ಅಹವಾಲು ಹೇಳಿಕೊಳ್ಳುವ ಅವಕಾಶವನ್ನು ಈಗ ವಿಚಾರಣಾ ನ್ಯಾಯಾಲಯವೇ ಕೊಡತಕ್ಕದ್ದು.