ನಡೆದಾಡುವ ಶಾರ್ಕ್: ವಿಡಿಯೋ ನಿಜ, ಜೊತೆಗಿರುವ ಬರಹ ಸುಳ್ಳು

ಪುಟ್ಟ ಶಾರ್ಕ್ ಒಂದು ನೀರಿಲ್ಲದ ಹವಳದ ದಿಬ್ಬದ ಮೇಲೆ ಈಜುರೆಕ್ಕೆಗಳನ್ನು ಊರಿಕೊಂಡು ಹೆಜ್ಜೆ ಹಾಕುವ ವಿಡಿಯೋ ನಿಮ್ಮ ವಾಟ್ಸ್‌ಆಪ್‌ಗೂ ಬಂದಿರಬಹುದು. ಶಾರ್ಕ್‌ಗಳು ಮನುಷ್ಯರನ್ನು ಹುಡುಕಿಕೊಂಡು ದಡಕ್ಕೆ ಬರತೊಡಗಿವೆ ಎಂಬ ಎಚ್ಚರಿಕೆಯೂ ಜೊತೆಗಿರುತ್ತದೆ. ಇದು ನಿಜವೇ?

ಶಾರ್ಕ್ ನಡೆಯುವುದು ನಿಜ. ಇದರ ಹೆಸರು ಎಪಾಲೆಟ್ ಶಾರ್ಕ್. ವೈಜ್ಞಾನಿಕವಾಗಿ ಹೆಮಿಸಿಲಿಯಂ ಒಸಿಲೇಟಂ. ವಾಸ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಮತ್ತು ನ್ಯೂಗಿನಿಯ ಸುತ್ತಮುತ್ತ, ಆಳವಿಲ್ಲದ ನೀರಿನ ತಳದಲ್ಲಿ. ಉದ್ದ ಸಾಮಾನ್ಯವಾಗಿ ಒಂದು ಮೀಟರ್ ಒಳಗೆ. ಎದೆಯ ರೆಕ್ಕೆಯ ಹಿಂದೆ ಬಿಳಿ ಅಂಚಿನ ದೊಡ್ಡ ಕಪ್ಪು ಚುಕ್ಕೆಯಿದೆ, ಸೈನಿಕರ ಭುಜದ ಪಟ್ಟಿಯಂತೆ. ಹೆಸರು ಬಂದದ್ದು ಅದರಿಂದಲೇ. ಆಹಾರ ಹುಳು, ಏಡಿ, ಸೀಗಡಿ. ಮನುಷ್ಯರಿಗೆ ಅಪಾಯವಿಲ್ಲ, ಕೈಯಲ್ಲಿ ಹಿಡಿದರೆ ಕಚ್ಚಬಹುದು, ಯಾರು ಕಚ್ಚುವುದಿಲ್ಲ ಹೇಳಿ?

ಹಾಗಾದರೆ ನಡೆಯುವುದೇಕೆ? ಸಮುದ್ರ ಇಳಿದಾಗ ಹವಳದ ನಡುವೆ ಸಣ್ಣ ಸಣ್ಣ ಗುಂಡಿಗಳಲ್ಲಿ ಮಾತ್ರ ನೀರು ಉಳಿಯುತ್ತದೆ. ರಾತ್ರಿ ಅಲ್ಲಿನ ಜೀವಿಗಳೆಲ್ಲ ಉಸಿರಾಡಿ ಆಮ್ಲಜನಕ ಬಹುತೇಕ ಖಾಲಿಯಾಗುತ್ತದೆ. ಬೇರೆ ಮೀನುಗಳು ಪರದಾಡುವ ಆ ಹೊತ್ತು ಇದಕ್ಕೆ ಬೇಟೆಯ ಹೊತ್ತು. ಹೃದಯಬಡಿತ, ಉಸಿರಾಟ ಎರಡನ್ನೂ ನಿಧಾನಗೊಳಿಸಿ, ಮೆದುಳಿನ ಖರ್ಚನ್ನೂ ತಗ್ಗಿಸಿ ಅದು ಬದುಕುತ್ತದೆ. ಆಮ್ಲಜನಕ ಒಂದಿಷ್ಟೂ ಇಲ್ಲದ ನೀರಿನಲ್ಲಿ ಸುಮಾರು ಒಂದು ಗಂಟೆ ತಡೆದುಕೊಂಡದ್ದನ್ನು ಪ್ರಯೋಗಗಳು ತೋರಿಸಿವೆ. ಒಂದು ಗುಂಡಿ ಸಾಕಾದರೆ ಇನ್ನೊಂದಕ್ಕೆ ನಡೆದೇ ಹೋಗುತ್ತದೆ. ಗಮನಿಸಿ, ಇದಕ್ಕೆ ಶ್ವಾಸಕೋಶವಿಲ್ಲ. ಗಾಳಿಯನ್ನು ಉಸಿರಾಡುತ್ತಿಲ್ಲ, ಉಸಿರು ಬಿಗಿಹಿಡಿದು ದಾಟುತ್ತಿದೆ ಎನ್ನಬಹುದು.

"ಹೊಸದಾಗಿ ವಿಕಾಸವಾದ ಜೀವಿ" ಎಂಬ ಮಾತೂ ಹರಿದಾಡುತ್ತದೆ. ಈ ಪ್ರಭೇದಕ್ಕೆ ವೈಜ್ಞಾನಿಕ ಹೆಸರು ಬಂದದ್ದು 1788ರಲ್ಲೇ. ಇದೇ ಕುಲದಲ್ಲಿ ನಡೆದಾಡುವ ಒಟ್ಟು 9 ಪ್ರಭೇದಗಳಿವೆ. ಇವೆಲ್ಲ ಸೇರುವುದು ಕಾರ್ಪೆಟ್ ಶಾರ್ಕ್‌ಗಳ ಗಣಕ್ಕೆ. ಜಗತ್ತಿನ ಅತಿದೊಡ್ಡ ಮೀನಾದ ತಿಮಿಂಗಿಲ ಶಾರ್ಕ್ ಕೂಡ ಅದೇ ಗಣದ್ದು! ನಮ್ಮ ಭಾರತದ ಕರಾವಳಿಯಲ್ಲಿ ಸಿಗುವ ಬಿದಿರು ಶಾರ್ಕ್‌ಗಳಂತೂ ಇದರದೇ ಕುಟುಂಬ, ಆದರೆ ಅವೂ ಮನುಷ್ಯರ ಬೆನ್ನಟ್ಟುವುದಿಲ್ಲ.

ಅಪಾಯದ ಸುದ್ದಿ ಬೇರೆಯೇ ಇದೆ, ಅದು ಫಾರ್ವರ್ಡ್ ಆಗುವುದಿಲ್ಲ. ಈ ಶಾರ್ಕ್ ಮೊಟ್ಟೆಯಿಡುತ್ತದೆ, ಒಮ್ಮೆಗೆ ಸಾಮಾನ್ಯವಾಗಿ ಎರಡು. 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 27 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಮರಿಗಳು ಹೊರಬರಲು ಸುಮಾರು 125 ದಿನ ಬೇಕಾಯಿತು. 31 ಡಿಗ್ರಿಯಲ್ಲಿ ಸುಮಾರು 100 ದಿನಕ್ಕೇ ಹೊರಬಂದವು. ಆದರೆ ಆ ಮರಿಗಳು ಚಿಕ್ಕದಾಗಿದ್ದವು, ಬೇಗ ದಣಿಯುತ್ತಿದ್ದವು.